ಈಜು ಬಲ್ಲವರೂ ಮುಳುಗುವುದೇಕೆ?

ಅಮೀನಗಡ ಎಂದೊಡನೆ ಬಾಯಿಗೆ ಬರುವುದು ಕರದಂಟು. ಅದರ ಹಿಂದೆಯೇ ನೆನಪಾಗುವುದು ಅಲ್ಲಿನ ಕುರಿ ಸಂತೆ. ಹುನಗುಂದ ತಾಲ್ಲೂಕಿನ ಈ ಊರಿಗೂ ಕಡಲಿಗೂ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ಅಂತರ. ಎರೆಮಣ್ಣಿನ ಹೊಲ, ಕೆಂಪು ಕಲ್ಲಿನ ಗುಡ್ಡ, ಬೇಸಿಗೆಯಲ್ಲಿ ಬತ್ತಿ ಮಳೆಗಾಲದಲ್ಲಿ ಉಕ್ಕುವ ಮಲಪ್ರಭೆ ಇರುವ ಸೀಮೆಯಲ್ಲಿ ನಿಂತು ಸಮುದ್ರದ ಮಾತನಾಡಿದರೆ ಕೇಳಿದವರು ನಕ್ಕಾರು. ಆದರೆ ಅಮೀನಗಡದಿಂದ ಐಹೊಳೆಯತ್ತ ಹೊರಟು ಮೇಗುಟಿ ಗುಡ್ಡ ಹತ್ತಿದರೆ, ಅಲ್ಲಿನ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ ಶಾಸನದಲ್ಲಿ ಸಮುದ್ರ ಇದೆ. ಇಮ್ಮಡಿ ಪುಲಕೇಶಿಯ ನೂರಾರು ಹಡಗುಗಳು ಪಡುಗಡಲಿನ ಪುರಿ ಎಂಬ ಪಟ್ಟಣವನ್ನು ಮುತ್ತಿದ ಸಂಗತಿಯನ್ನು ಆ ಶಾಸನ ಹೇಳುತ್ತದೆ. ಆ ಪುರಿ ಮುಂಬಯಿ ಬಳಿಯ ಘಾರಾಪುರಿ ದ್ವೀಪವೆಂದು ಹಲವು ವಿದ್ವಾಂಸರ ಮತ. ಇದೇ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ವರ್ತಕ ಸಂಘದ ಕೀರ್ತಿ ಇನ್ನೂ ದೂರ ಹೋಯಿತು. ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಬಯಲುಸೀಮೆಯ ಈ ಪುಟ್ಟ ಊರಿನ ಹೆಸರು ಕಡಲು ದಾಟಿದ್ದು ಹಡಗಿನಲ್ಲಿಯೇ ಅಲ್ಲವೆ?

ಆ ಹಡಗುಗಳಲ್ಲಿ ಎಷ್ಟು ದಡ ಸೇರಿದವು, ಎಷ್ಟು ಮುಳುಗಿದವು ಎಂಬ ಲೆಕ್ಕವನ್ನು ಯಾವ ಶಾಸನವೂ ಇಟ್ಟಿಲ್ಲ. ಗೆದ್ದವರ ಮಾತು ಕಲ್ಲಿನ ಮೇಲೆ ಉಳಿಯಿತು. ಮುಳುಗಿದ ನಾವಿಕರ ಸುದ್ದಿ ನೀರಿನಲ್ಲೇ ಹೋಯಿತು. ಮುಳುಗುವಾಗ ಏನು ಮಾಡಬೇಕು ಎಂಬ ವಿದ್ಯೆಯ ಚರಿತ್ರೆಯನ್ನು ಹುಡುಕುವವರಿಗೆ ರಾಜರ ಶಾಸನಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದಕ್ಕೆ ಬಾವಿಯ ಮೆಟ್ಟಿಲು, ಹೊಳೆಯ ದಂಡೆ, ಮೀನುಗಾರರ ಬಂದರುಗಳತ್ತ ತಿರುಗಬೇಕು.

ಸೋರೆಬುರುಡೆಯ ಪಾಠ

ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳ ದಂಡೆಯ ಹಳ್ಳಿಗಳಲ್ಲಿ ಮಕ್ಕಳು ಈಜು ಕಲಿಯುತ್ತಿದ್ದುದು ಬಾವಿಯಲ್ಲಿ. ಬೆನ್ನಿಗೋ ಸೊಂಟಕ್ಕೋ ಒಣಗಿದ ಸೋರೆಬುರುಡೆ, ಇಲ್ಲವೆ ಬೆಂಡು ಕಟ್ಟಿ ಹಿರಿಯರು ನೀರಿಗೆ ದೂಡುತ್ತಿದ್ದರು. ಬಲಿತ ಸೋರೆಕಾಯಿಯ ತಿರುಳು ಒಣಗಿದರೆ ಒಳಗೆ ಉಳಿಯುವುದು ಗಾಳಿ. ತೊಗಟೆ ಗಟ್ಟಿ, ತೂಕ ಅತ್ಯಲ್ಪ. ಎರಡು ಬುರುಡೆ ಸಾಕು, ಒಬ್ಬ ಮನುಷ್ಯನ ತಲೆಯನ್ನು ನೀರಿನ ಮೇಲೆ ಹಿಡಿದಿಡುತ್ತವೆ. ನೀರಿನಲ್ಲಿ ಮನುಷ್ಯನ ದೇಹ ಹೆಚ್ಚೂ ಕಡಿಮೆ ತಾನೇ ತೇಲುವಂಥದು; ಮೂಗು ಬಾಯಿಗಳನ್ನು ಮೇಲಿಡಲು ಬೇಕಾಗುವ ಹೆಚ್ಚುವರಿ ಆಧಾರ ಕೆಲವೇ ಕಿಲೋ ಮಾತ್ರ. ಈ ಸೂಕ್ಷ್ಮವನ್ನು ಹೊಳೆದಂಡೆಯವರು ಯಾವ ಭೌತಶಾಸ್ತ್ರದ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದರು.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 2014ರ ಮಳೆಗಾಲದಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಊರಿನ ತುಂಬು ಗರ್ಭಿಣಿಯೊಬ್ಬರು ಉಕ್ಕಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಾಟಿದರು. ಹೆರಿಗೆಗೆ ಆಸ್ಪತ್ರೆ ಸೇರಬೇಕಿತ್ತು. ಪ್ರವಾಹದಲ್ಲಿ ಹರಿಗೋಲು ಹಾಕಲು ಯಾರೂ ಸಿದ್ಧರಿರಲಿಲ್ಲ. ಮೈಗೆ ಒಣ ಬುರುಡೆಗಳನ್ನು ಕಟ್ಟಿಕೊಂಡು, ತವರಿನ ಗಂಡಸರು ಅಕ್ಕಪಕ್ಕದಲ್ಲಿ ಈಜುತ್ತಿರಲು, ಅವರು ದಡ ಮುಟ್ಟಿದರು. ದೇಶದ ಪತ್ರಿಕೆಗಳೆಲ್ಲ ಆಕೆಯ ಧೈರ್ಯವನ್ನು ಕೊಂಡಾಡಿದವು. ಧೈರ್ಯ ದೊಡ್ಡದೇ. ಆದರೆ ಆಕೆಯನ್ನು ದಡ ಮುಟ್ಟಿಸಿದ್ದರಲ್ಲಿ ತೇಲುವ ಬುರುಡೆ, ಜೊತೆಗಿದ್ದ ಬಲ್ಲ ಈಜುಗಾರರು, ಮೊದಲೇ ಗೊತ್ತಿದ್ದ ಸೆಳವಿನ ಲೆಕ್ಕ ಇವುಗಳ ಪಾಲೂ ಇತ್ತು. ಜೀವರಕ್ಷಣೆಯ ತರಬೇತಿ ಎಂದು ಇಂದು ಜಗತ್ತು ಕರೆಯುವುದು ಇವನ್ನೇ.

ಹರಿಗೋಲಿನ ಮಾತೂ ಹಾಗೆಯೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಹರಿಗೋಲುಗಳನ್ನು ನೋಡಿ ಬೆರಗಾದ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ದೊಡ್ಡವು, ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಸಾಗುವವು ಎಂದು ಆತ ಬರೆದಿಟ್ಟ. ಆತ ಬರೆಯದೆ ಬಿಟ್ಟದ್ದು ಅಂಬಿಗನ ಕಟ್ಟುಪಾಡು. ಯಾರು ಮೊದಲು ಹತ್ತಬೇಕು, ಭಾರ ಎಲ್ಲಿ ಇಡಬೇಕು, ನಡುನೀರಿನಲ್ಲಿ ಯಾರೂ ಎದ್ದು ನಿಲ್ಲಬಾರದು, ಹೆದರಿದವನನ್ನು ನಡುವೆ ಕೂರಿಸಬೇಕು. ಇದನ್ನೆಲ್ಲ ಅಂಬಿಗ ಹೇಳುತ್ತಿದ್ದ, ಕೂತವರು ಕೇಳುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಮಾತಿನಲ್ಲಿ ಕಾಣುವ ಗದರಿಕೆಯ ಧಾಟಿ ಸುಮ್ಮನೆ ಬಂದದ್ದಲ್ಲವೇನೋ. ದೋಣಿ ನಡೆಸುವವನ ಮಾತಿಗೆ ಎದುರು ಮಾತಿಲ್ಲ.

ಬೆಂಡು ಕಟ್ಟಿದ ಒಬ್ಬ

ಇಂಗ್ಲೆಂಡಿನ ಪೂರ್ವ ಕರಾವಳಿಯ ವಿಟ್ಬಿ ಎಂಬ ಬಂದರಿನಲ್ಲಿ 1861ರ ಫೆಬ್ರವರಿ 9ರಂದು ಭಾರೀ ಬಿರುಗಾಳಿ. ಅಪಾಯಕ್ಕೆ ಸಿಕ್ಕ ಹಡಗುಗಳಿಂದ ಜನರನ್ನು ಕರೆತರಲು ರಕ್ಷಣಾ ದೋಣಿಯ ಹದಿಮೂರು ಮಂದಿ ಬೆಳಗಿನಿಂದ ಮತ್ತೆ ಮತ್ತೆ ಕಡಲಿಗಿಳಿದರು. ಕೊನೆಯ ಸಲ ದೋಣಿ ದಡದ ಹತ್ತಿರದಲ್ಲೇ ಮಗುಚಿತು. ಹನ್ನೆರಡು ಮಂದಿ, ಎಲ್ಲರೂ ನುರಿತ ಕಡಲಿಗರು, ಊರಿನವರ ಕಣ್ಣೆದುರೇ ಸತ್ತರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಕ್ಯಾಪ್ಟನ್ ವಾರ್ಡ್ ಎಂಬ ಅಧಿಕಾರಿ 1854ರಲ್ಲಿ ರೂಪಿಸಿದ್ದ ಬೆಂಡಿನ ಅಂಗಿಯನ್ನು ಅಂದು ತೊಟ್ಟಿದ್ದವನೂ ಅವನೊಬ್ಬನೇ. ಆಮೇಲೆ ಆ ಅಂಗಿಗೆ ಬೇರೆ ಪ್ರಚಾರ ಬೇಕಾಗಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಡಿನ ಜಾಗಕ್ಕೆ ಬಂದದ್ದು ನಮ್ಮ ಮನೆಗಳ ದಿಂಬಿಗೆ ತುಂಬುವ ಬೂರುಗದ ಹತ್ತಿಯ ಜಾತಿಯದೇ ಆದ ಕೆಪಾಕ್. ಬಳಿಕ ಕೃತಕ ನೊರೆ. ತತ್ತ್ವ ಮಾತ್ರ ಸೋರೆಬುರುಡೆಯದೇ.

ಆ ಹನ್ನೆರಡು ಮಂದಿ ಬೆಂಡಿನ ಅಂಗಿ ಏಕೆ ತೊಡಲಿಲ್ಲ? ಹುಟ್ಟು ಹಾಕಲು ತೊಡಕು, ಮೈಗೆ ಬಿಗಿ, ಅಭ್ಯಾಸವಿಲ್ಲ. ಮಂಗಳೂರಿನ ಧಕ್ಕೆಯಲ್ಲೋ ಮಲ್ಪೆಯಲ್ಲೋ ಇಂದು ಕೇಳಿದರೂ ಕಲಾಸಿಗಳು ಕೊಡುವ ಉತ್ತರ ಇದೇ. ಜೊತೆಗೆ ಇನ್ನೆರಡು ಕಾರಣ ಸೇರುತ್ತವೆ. ಅರಬ್ಬೀ ಸಮುದ್ರದ ಸುಡುಬಿಸಿಲಿನಲ್ಲಿ ದಪ್ಪ ಜಾಕೆಟ್ ತೊಟ್ಟು ಬಲೆ ಎಳೆಯುವುದು ಹಿಂಸೆ. ಅದರ ಪಟ್ಟಿ ಬಲೆಗೋ ಹಗ್ಗಕ್ಕೋ ಸಿಕ್ಕಿಕೊಂಡರೆ ಅದೇ ಅಪಾಯ. ಇದು ಸೋಮಾರಿತನದ ಮಾತಲ್ಲ, ದುಡಿಯುವವರ ನಿಜವಾದ ತಕರಾರು. ಆದ್ದರಿಂದ 'ಜಾಕೆಟ್ ತೊಡಿ' ಎಂದು ಫಲಕ ಬರೆಸಿದರೆ ಕೆಲಸ ಮುಗಿಯುವುದಿಲ್ಲ. ಕೆಲಸಕ್ಕೆ ಅಡ್ಡಿಯಾಗದ ಜಾಕೆಟ್ ಬೇಕು. ಅದು ಎಲ್ಲಿರಬೇಕು, ಕತ್ತಲಲ್ಲಿ, ನೀರಿನೊಳಗೇ ಅದನ್ನು ತೊಡುವುದು ಹೇಗೆ ಎಂಬುದು ಕೈಗೆ ರೂಢಿಯಾಗಿರಬೇಕು. ಅನೇಕ ದೋಣಿಗಳಲ್ಲಿ ಜಾಕೆಟ್ ಇರುತ್ತದೆ, ಆದರೆ ಬಲೆ, ಮಂಜುಗಡ್ಡೆ ಪೆಟ್ಟಿಗೆ, ಅಕ್ಕಿ ಚೀಲಗಳ ಅಡಿಯಲ್ಲಿರುತ್ತದೆ.

ಇನ್ನು ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಮೀನುಗಾರ ಹುಟ್ಟು ಈಜುಗಾರ, ಅವನೇಕೆ ಮುಳುಗುತ್ತಾನೆ? ಈಜುವುದು ಬೇರೆ, ತೇಲುತ್ತ ಬದುಕಿ ಉಳಿಯುವುದು ಬೇರೆ. ದಡ ಕಾಣುವ ಹೊಳೆಯಲ್ಲಿ ಈಜು ಜೀವ ಉಳಿಸುತ್ತದೆ. ನಲವತ್ತು ನಾಟಿಕಲ್ ಮೈಲು ದೂರದ ಕಡಲಿನಲ್ಲಿ ಯಾವ ದಿಕ್ಕಿಗೆ ಈಜಿದರೂ ದಡವಿಲ್ಲ. ಅಲ್ಲಿ ಈಜುವವನು ಬಲ ಕಳೆದುಕೊಳ್ಳುತ್ತಾನೆ, ಮೈಯ ಕಾವು ಕಳೆದುಕೊಳ್ಳುತ್ತಾನೆ. ನಮ್ಮ ಸಮುದ್ರ ಬೆಚ್ಚಗಿದೆ ಎಂದು ನಂಬಿ ಕೂರುವಂತಿಲ್ಲ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬಿದ್ದವರು ಚದುರದೆ ಒಂದೆಡೆ ಕೂಡಿ, ಒಬ್ಬರನ್ನೊಬ್ಬರು ಹಿಡಿದು, ಮೊಣಕಾಲು ಎದೆಗೆ ಸೇರಿಸಿ ತೇಲಬೇಕು. ಗುಂಪು ಕೂಡಿದರೆ ಕಾವೂ ಉಳಿಯುತ್ತದೆ, ಹುಡುಕುವ ವಿಮಾನದ ಕಣ್ಣಿಗೂ ಬೀಳುತ್ತದೆ. ಮಗುಚಿದ ದೋಣಿ ತೇಲುತ್ತಿದ್ದರೆ ಅದನ್ನು ಬಿಟ್ಟು ಹೋಗಬಾರದು. ಎಷ್ಟೇ ಬಾಯಾರಿದರೂ ಕಡಲ ನೀರು ಕುಡಿಯಬಾರದು. ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ ಬ್ರಿಟಿಷ್ ಹಡಗುಗಳ ಜನ ರಕ್ಷಣಾ ದೋಣಿಗಳಲ್ಲಿ ಕಳೆದ ದಿನಗಳ ವರದಿಗಳನ್ನು ವೈದ್ಯರು ಆಮೇಲೆ ಒಟ್ಟುಗೂಡಿಸಿ ನೋಡಿದಾಗ, ಸಮುದ್ರದ ನೀರು ಕುಡಿದವರಿದ್ದ ದೋಣಿಗಳಲ್ಲಿ ಸಾವು ಹಲವು ಪಟ್ಟು ಹೆಚ್ಚಿದ್ದುದು ಗೊತ್ತಾಯಿತು.

ಅದೇ ಯುದ್ಧ ಇನ್ನೊಂದು ಸಂಗತಿಯನ್ನೂ ಕಲಿಸಿತು. ಬ್ಲೂ ಫನಲ್ ಎಂಬ ಹಡಗು ಕಂಪೆನಿಯ ಲಾರೆನ್ಸ್ ಹೋಲ್ಟ್, ಟಾರ್ಪೆಡೊ ಪೆಟ್ಟಿಗೆ ಮುಳುಗಿದ ಹಡಗುಗಳಿಂದ ಬದುಕಿ ಬರುತ್ತಿದ್ದವರಲ್ಲಿ ಗಟ್ಟಿಮುಟ್ಟಾದ ಹುಡುಗರಿಗಿಂತ ಹಳೆಯ ನಾವಿಕರೇ ಹೆಚ್ಚು ಎಂದು ಗಮನಿಸಿದ. ಮೈಬಲಕ್ಕಿಂತ ಮಿಗಿಲಾದುದೇನೋ ಅವರಲ್ಲಿದೆ. ಅದನ್ನು ಹುಡುಗರಿಗೆ ಕಲಿಸಲಾಗದೆ? ಶಿಕ್ಷಣತಜ್ಞ ಕರ್ಟ್ ಹಾನ್ ಜೊತೆಗೂಡಿ 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಶಾಲೆ ತೆರೆದ. ಅನುಭವವನ್ನು ಅಪಘಾತಕ್ಕೆ ಮುಂಚೆಯೇ ಕಲಿಸಬಹುದು ಎಂಬ ಈ ನಂಬಿಕೆಯೇ ಇಂದಿನ ಬದುಕುಳಿಯುವ ತರಬೇತಿಗಳ ಒಂದು ಮುಖ್ಯ ಬೇರು.

ಹಿಡಿಯುವುದನ್ನು ಕಲಿಸಿದರು

ಕರ್ನಾಟಕದ ಕರಾವಳಿಯಲ್ಲಿ ಮೊಗವೀರರು, ಖಾರ್ವಿಗಳು, ಹರಿಕಂತ್ರರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ದಡದ ಕಣ್ಣಳತೆಯ ಮೀನುಗಾರಿಕೆ. ರಂಪಣಿ ಬಲೆ ಬೀಸಲು ದೋಣಿ ಹೋಗುತ್ತಿದ್ದುದು ಸ್ವಲ್ಪ ದೂರ. ಎಳೆಯುತ್ತಿದ್ದುದು ಮರಳ ಮೇಲೆ ನಿಂತ ಊರಿಗೆ ಊರೇ. ಮಳೆಗಾಲದಲ್ಲಿ ಕಡಲಿಗಿಳಿಯುತ್ತಿರಲಿಲ್ಲ, ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿದ ಮೇಲೆಯೇ ದೋಣಿ ನೀರಿಗೆ. ತಾಂಡೇಲನಿಗೆ ಗಾಳಿ, ಮೋಡ, ನೀರಿನ ಬಣ್ಣ ಓದಲು ಬರುತ್ತಿತ್ತು. ದೋಣಿಯಲ್ಲಿದ್ದವರೆಲ್ಲ ಒಂದೇ ಊರಿನವರು, ಒಂದೇ ಮಾತಿನವರು. ಅಪಾಯ ಇರಲಿಲ್ಲವೆಂದಲ್ಲ, ಅಳಿವೆಯಲ್ಲಿ ದೋಣಿ ಮಗುಚಿ ಸತ್ತವರ ಕಥೆ ಪ್ರತಿ ಊರಿನಲ್ಲೂ ಇದೆ. ಆದರೆ ಅಪಾಯಕ್ಕೂ ಅರಿವಿಗೂ ಒಂದು ಹೊಂದಿಕೆ ಇತ್ತು.

ಆ ಹೊಂದಿಕೆ ಕೆಟ್ಟದ್ದು ಯಂತ್ರ ಬಂದಾಗ. ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ 1952ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಕೇರಳದ ನೀಂಡಕರದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಟ್ರಾಲ್ ಬೋಟುಗಳು ಬಂದವು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮೂಲೆಗೆ ತಳ್ಳಿತು. 1963ರಲ್ಲಿ ಕೇಂದ್ರ ಸರ್ಕಾರ ಕೊಚ್ಚಿಯಲ್ಲಿ ಮೀನುಗಾರಿಕಾ ಹಡಗು ನಡೆಸುವವರ ತರಬೇತಿ ಸಂಸ್ಥೆ ತೆರೆಯಿತು. ಇಂದಿನ ಸಿಫ್‌ನೆಟ್ ಅದೇ. ಮಂಗಳೂರಿಗೆ ಮೀನುಗಾರಿಕಾ ಕಾಲೇಜು 1969ರಲ್ಲಿ ಬಂತು. ಎಂಜಿನ್, ಬಲೆ, ದಿಕ್ಸೂಚಿ, ಮೀನಿನ ಗುಂಪು ಪತ್ತೆ ಮಾಡುವ ಯಂತ್ರ, ಎಲ್ಲವನ್ನೂ ಕಲಿಸುವ ಏರ್ಪಾಟಾಯಿತು. ಆ ಕಾಲದ ದೇಶಕ್ಕೆ ಬೇಕಾಗಿದ್ದುದು ಹೆಚ್ಚು ಮೀನು, ಅದನ್ನು ತಪ್ಪೆನ್ನಲಾಗದು. ಆದರೆ ಹಿಡಿಯುವುದನ್ನು ಕಲಿಸಿದಷ್ಟು ಶ್ರದ್ಧೆಯಿಂದ ಉಳಿಯುವುದನ್ನು ಸಾಮಾನ್ಯ ಕಲಾಸಿಗೆ ಯಾರೂ ಕಲಿಸಲಿಲ್ಲ. ಹಡಗು ನಡೆಸುವವನ ಪಠ್ಯದಲ್ಲಿ ರಕ್ಷಣೆಯ ಪಾಠ ಇತ್ತು. ಬಲೆ ಎಳೆಯುವವನಿಗೆ ಪಠ್ಯವೇ ಇರಲಿಲ್ಲ.

ಜಗತ್ತಿನ ಕಾನೂನೂ ಮೀನುಗಾರನನ್ನು ಬಹುಕಾಲ ಹೊರಗೇ ಇಟ್ಟಿತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲ ಕಡಲ ಸುರಕ್ಷತಾ ಒಪ್ಪಂದ ಸಿದ್ಧವಾಯಿತು. ಆ ಸಾಲಿನ ಒಪ್ಪಂದಗಳ ಹೆಚ್ಚಿನ ನಿಯಮಗಳಿಂದ ಮೀನುಗಾರಿಕಾ ಹಡಗುಗಳಿಗೆ ವಿನಾಯಿತಿ. ಮೀನುಗಾರಿಕಾ ಹಡಗುಗಳಿಗೆಂದೇ 1977ರಲ್ಲಿ ಸ್ಪೇನಿನ ಟೊರೆಮೊಲಿನೋಸ್‌ನಲ್ಲಿ ಒಂದು ಒಪ್ಪಂದವಾಯಿತು. ಅದು ಎಂದೂ ಜಾರಿಗೆ ಬರಲಿಲ್ಲ. ಮೀನುಗಾರರ ತರಬೇತಿಯ ಒಪ್ಪಂದ 1995ರಲ್ಲಿ ಅಂಗೀಕಾರವಾಗಿ, ಜಾರಿಗೆ ಬರಲು 2012ರ ತನಕ ಕಾಯಬೇಕಾಯಿತು. ಹದಿನೇಳು ವರ್ಷ! ಅದರಲ್ಲೂ ಹಡಗಿನ ನಾಯಕರ ಪ್ರಮಾಣಪತ್ರದ ನಿಯಮಗಳು 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗುಗಳಿಗೆ. ನಮ್ಮ ಬಂದರುಗಳ ಬಹುಪಾಲು ಬೋಟುಗಳು ಆ ಅಳತೆಗೆ ಬರುವುದೇ ಇಲ್ಲ. ಇತ್ತ ಸಾವಿನ ಅಂದಾಜು ಏರುತ್ತಲೇ ಹೋಯಿತು. ವರ್ಷಕ್ಕೆ 24,000 ಮೀನುಗಾರರು ಸಾಯುತ್ತಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1999ರಲ್ಲಿ ಹೇಳಿತ್ತು. 2022ರಲ್ಲಿ ಫಿಶ್ ಸೇಫ್ಟಿ ಫೌಂಡೇಶನ್ ನಡೆಸಿದ ಅಧ್ಯಯನ ಆ ಸಂಖ್ಯೆ ಒಂದು ಲಕ್ಷಕ್ಕೂ ಮೀರಬಹುದೆಂದಿತು.

ಮೂರು ರಾತ್ರಿಗಳು

ದೂರದ ಅಂಕಿ ಅಂಶ ಬೇಡ. ನಮ್ಮ ಕರಾವಳಿಯ ಮೂರು ಘಟನೆಗಳೇ ಸಾಕು.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟಿನಲ್ಲಿ ಏಳು ಮಂದಿ ಇದ್ದರು: ಉಡುಪಿ ಜಿಲ್ಲೆಯ ಇಬ್ಬರು, ಉತ್ತರ ಕನ್ನಡದ ಐವರು. ಎರಡು ದಿನಗಳಲ್ಲಿ ಸಂಪರ್ಕ ಕಡಿಯಿತು. ಹುಡುಕಾಟ ತಿಂಗಳುಗಟ್ಟಲೆ ನಡೆಯಿತು. ಮೀನುಗಾರರು ಹೆದ್ದಾರಿಗಿಳಿದು ಪ್ರತಿಭಟಿಸಿದರು. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಕಂಡಿತು. ಏಳು ಮಂದಿಯಲ್ಲಿ ಒಬ್ಬರೂ ಸಿಗಲಿಲ್ಲ. ಬೋಟು ಮುಳುಗಿದ್ದು ಹೇಗೆ ಎಂಬ ವಾದ ವಿವಾದ ಸಾಕಷ್ಟು ನಡೆದಿದೆ. ಅದರ ನಡುವೆ ಮರೆತುಹೋದ ಸಂಗತಿ, ಅವರು ಅಪಾಯದಲ್ಲಿದ್ದಾರೆಂದು ದಡಕ್ಕೆ ಸಕಾಲದಲ್ಲಿ ತಿಳಿಯಲಿಲ್ಲ ಎಂಬುದು.

2020ರ ನವೆಂಬರ್ 30ರ ರಾತ್ರಿ ಮಂಗಳೂರಿನ ಆಚೆ 'ಶ್ರೀ ರಕ್ಷಾ' ಎಂಬ ಪರ್ಸೀನ್ ಬೋಟು ಮೀನು ತುಂಬಿಕೊಂಡು ಮರಳುವಾಗ ಗಾಳಿಗೆ ಮಗುಚಿತು. ಇಪ್ಪತ್ತೈದು ಮಂದಿಯಲ್ಲಿ ಹತ್ತೊಂಬತ್ತು ಜನ ಜೊತೆಗಿದ್ದ ಸಣ್ಣ ದೋಣಿಯ ಆಸರೆಯಿಂದ ಬದುಕಿದರು, ಆರು ಮಂದಿ ಸತ್ತರು. ಮೀನು ತುಂಬಿದ ಬೋಟಿನ ಸ್ವಭಾವವೇ ಬೇರೆ. ಹರಿವಾಣದ ತುಂಬ ನೀರು ಹಿಡಿದು ನಡೆದವರಿಗೆ ಇದು ಗೊತ್ತು: ಒಂದು ಕಡೆ ತುಸು ವಾಲಿದರೆ ನೀರೆಲ್ಲ ಅತ್ತಲೇ ಓಡಿ ಹರಿವಾಣವನ್ನು ಇನ್ನಷ್ಟು ವಾಲಿಸುತ್ತದೆ. ಕಟ್ಟೆಯಿಲ್ಲದೆ ಸುರಿದ ಮೀನೂ, ಅಟ್ಟದ ಮೇಲೆ ನಿಂತ ನೀರೂ ಮಾಡುವುದು ಇದನ್ನೇ. ಎಷ್ಟು ತುಂಬಬೇಕು, ಹೇಗೆ ಹಂಚಬೇಕು, ನೀರು ಹೊರಹೋಗುವ ಕಿಂಡಿಗಳನ್ನು ಏಕೆ ಮುಚ್ಚಬಾರದು ಎಂಬ ಅರಿವು ಬದುಕುಳಿಯುವ ತರಬೇತಿಯ ಮೊದಲ ಪಾಠವಾಗಬೇಕು. ಹರಿಗೋಲಿನ ಅಂಬಿಗ ಹತ್ತುವಾಗಲೇ ಹೇಳುತ್ತಿದ್ದುದೂ ಇದೇ ಅಲ್ಲವೆ?

ಮೂರನೆಯದು 2021ರ ಏಪ್ರಿಲ್ 13ರ ನಸುಕು. ಕೇರಳದ ಬೇಪೂರಿನಿಂದ ಬಂದಿದ್ದ 'ರಬಾಹ್' ಬೋಟಿಗೂ 'ಎಪಿಎಲ್ ಲೆ ಹಾವ್ರ್' ಎಂಬ ಸರಕು ಹಡಗಿಗೂ ನವ ಮಂಗಳೂರು ಕರಾವಳಿಯಿಂದ ನಲವತ್ತಕ್ಕೂ ಹೆಚ್ಚು ನಾಟಿಕಲ್ ಮೈಲು ದೂರದಲ್ಲಿ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು ತಮಿಳುನಾಡು ಮತ್ತು ಪಶ್ಚಿಮ ಬಂಗಾಳದ ಹದಿನಾಲ್ಕು ಮಂದಿ. ಬದುಕಿ ಬಂದವರು ಇಬ್ಬರು.

ಈ ಕೊನೆಯ ಸಂಗತಿ ಕರಾವಳಿಯ ಹೊಸ ವಾಸ್ತವವನ್ನು ತೋರಿಸುತ್ತದೆ. ಬೋಟಿನ ಮಂದಿ ಈಗ ಒಂದೂರಿನವರಲ್ಲ. ತಮಿಳುನಾಡು, ಆಂಧ್ರ, ಒಡಿಶಾ, ಜಾರ್ಖಂಡ್, ಬಂಗಾಳದಿಂದ ಬಂದವರಿದ್ದಾರೆ. ಉತ್ತರ ಕರ್ನಾಟಕದ ಬರಪೀಡಿತ ತಾಲ್ಲೂಕುಗಳಿಂದ ಹೊಟ್ಟೆಪಾಡಿಗೆ ಘಟ್ಟ ಇಳಿದವರಿದ್ದಾರೆ. ಅವರಲ್ಲಿ ಸಮುದ್ರವನ್ನು ಮೊದಲ ಬಾರಿ ನೋಡಿದ್ದು ಬೋಟು ಹತ್ತಿದ ದಿನವೇ ಎನ್ನುವವರೂ ಇದ್ದಾರು. ತಾಂಡೇಲ ತುಳುವಿನಲ್ಲೋ ಕೊಂಕಣಿಯಲ್ಲೋ ಮಲಯಾಳದಲ್ಲೋ ಕೂಗಿದರೆ ಬಂಗಾಳದ ಹುಡುಗನಿಗೆ ಏನರ್ಥವಾದೀತು? ಶಾಂತ ಹಗಲಿನಲ್ಲಿ ಸನ್ನೆಯಿಂದ ಕೆಲಸ ಸಾಗುತ್ತದೆ. ಕತ್ತಲಲ್ಲಿ, ಬೋಟು ಪಕ್ಕಕ್ಕೆ ಮಲಗುತ್ತಿರುವಾಗ ಸನ್ನೆ ಕಾಣುವುದಿಲ್ಲ.

ಐಸ್‌ಲ್ಯಾಂಡ್ ಮಾಡಿದ್ದು

ಉತ್ತರ ಅಟ್ಲಾಂಟಿಕ್ಕಿನ ಪುಟ್ಟ ದೇಶ ಐಸ್‌ಲ್ಯಾಂಡ್. ಅಲ್ಲಿನ ಜನಕ್ಕೆ ಮೀನೇ ಅನ್ನ, ಮೀನೇ ರಫ್ತು. ಮೀನುಗಾರರನ್ನು ಕಡಲು ವರ್ಷವರ್ಷವೂ ನುಂಗುತ್ತಿತ್ತು. ಅದನ್ನು ಹಣೆಬರಹವೆಂದು ಒಪ್ಪಿಕೊಂಡಿದ್ದರು. 1985ರಲ್ಲಿ ಅಲ್ಲಿನ ಜೀವರಕ್ಷಕ ಸಂಘ ನಾವಿಕರಿಗಾಗಿ ಒಂದು ಶಾಲೆ ತೆರೆಯಿತು. ಶಾಲೆ ಎಂದರೆ ಕಟ್ಟಡವಲ್ಲ, ಒಂದು ಹಳೆಯ ಹಡಗು. ಅದು ಬಂದರಿನಿಂದ ಬಂದರಿಗೆ ತಾನೇ ಹೋಗುತ್ತಿತ್ತು. ಮೀನುಗಾರ ಶಾಲೆಗೆ ಬರುವುದಿಲ್ಲವಾದರೆ ಶಾಲೆಯೇ ಮೀನುಗಾರನ ಬಳಿಗೆ! ಅಲ್ಲಿ ಭಾಷಣ ಕಡಿಮೆ. ತಣ್ಣನೆಯ ನೀರಿಗೆ ಹಾರುವುದು, ನೀರಿನಲ್ಲೇ ರಕ್ಷಾಕವಚ ಬಿಗಿದುಕೊಳ್ಳುವುದು, ಗಾಳಿ ತುಂಬುವ ತೆಪ್ಪವನ್ನು ಬಿಡಿಸಿ ಹತ್ತುವುದು, ಬೆಂಕಿ ಆರಿಸುವುದು, ಹೊಗೆಯಲ್ಲಿ ದಾರಿ ಹುಡುಕುವುದು, ಎಲ್ಲವೂ ಕೈಯಾರೆ. ಮುಂದೆ ಈ ತರಬೇತಿ ಕಡ್ಡಾಯವಾಯಿತು; ಕೆಲವು ವರ್ಷಕ್ಕೊಮ್ಮೆ ಮತ್ತೆ ಬಂದು ಕಲಿತದ್ದನ್ನು ಹಸಿರಾಗಿಸಿಕೊಳ್ಳಬೇಕೆಂಬ ನಿಯಮವೂ ಬಂತು. ಉತ್ತಮ ಹಡಗು, ಉತ್ತಮ ಹವಾಮಾನ ಸೂಚನೆ, ಹೆಲಿಕಾಪ್ಟರುಗಳೂ ಅದರ ಜೊತೆಗಿದ್ದವು. ಎಲ್ಲ ಶ್ರೇಯಸ್ಸೂ ಶಾಲೆಯದೇ ಎನ್ನಲಾಗದು. ಆದರೆ 2008ರಲ್ಲಿ ಐಸ್‌ಲ್ಯಾಂಡಿನ ಒಬ್ಬ ನಾವಿಕನೂ ಕಡಲಿನಲ್ಲಿ ಸಾಯಲಿಲ್ಲ. ದೇಶದ ನೆನಪಿನಲ್ಲಿ ಅಂಥ ವರ್ಷ ಅದೇ ಮೊದಲು.

ಅಲ್ಲಿಯ ಜನ ನಾಲ್ಕು ಲಕ್ಷವನ್ನೂ ದಾಟಿಲ್ಲ, ಹಣವೂ ಉಂಟು, ನಮಗೆ ಅದು ಸಾಧ್ಯವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಕಲು ಮಾಡಬೇಕಾದ್ದು ಹಡಗನ್ನಲ್ಲ, ಕ್ರಮವನ್ನು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟು ದಡದಲ್ಲಿರುವ ಈ ಸಮಯವೇ ತರಬೇತಿಗೆ ಸೂಕ್ತ ಎಂದು ಮೇಲುನೋಟಕ್ಕೆ ತೋರುತ್ತದೆ. ಹೊರ ರಾಜ್ಯದ ಕಲಾಸಿಗಳು ಅದೇ ಎರಡು ತಿಂಗಳು ಊರಿಗೆ ಹೋಗಿರುತ್ತಾರೆ ಎಂಬುದು ಬಂದರಿನವರಿಗೆಲ್ಲ ಗೊತ್ತು. ಹಾಗಾಗಿ ಸಭಾಂಗಣದ ಕುರ್ಚಿಗಳಲ್ಲಿ ಕೂತು ಭಾಷಣ ಕೇಳುವವರು ಹೆಚ್ಚಾಗಿ ಮಾಲೀಕರು ಮತ್ತು ಸ್ಥಳೀಯರು. ನೀರಿಗೆ ಬೀಳುವವರು ಬೇರೆಯವರು. ತರಬೇತಿ ನಡೆಯಬೇಕಾದ್ದು ಆಗಸ್ಟ್ ಮೊದಲ ವಾರ, ಬೋಟು ಹೊರಡುವ ಮುನ್ನ, ಅದೇ ಬೋಟಿನಲ್ಲಿ, ಅದೇ ಮಂದಿಯೊಂದಿಗೆ. ಅರ್ಧ ದಿನ ಸಾಕು. ಧಕ್ಕೆಯ ಬದಿಯ ನೀರಿನಲ್ಲಿ ಪ್ರತಿಯೊಬ್ಬನೂ ಜಾಕೆಟ್ ತೊಟ್ಟು ಒಮ್ಮೆ ಹಾರಬೇಕು. ಎಲ್ಲ ಭಾಷೆಯವರಿಗೂ ತಿಳಿಯುವ ಐದಾರು ಕೂಗುಗಳನ್ನು ಬೋಟಿನಲ್ಲೇ ಗೊತ್ತುಮಾಡಿಕೊಳ್ಳಬೇಕು. ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆ ಮಾಡಲು ತಾಂಡೇಲನಿಗೆ ಮಾತ್ರವಲ್ಲ, ಅಡುಗೆಯವನಿಗೂ ಬರಬೇಕು. ಏಕೆಂದರೆ ಮೊದಲು ನೀರಿಗೆ ಬೀಳುವವನು ತಾಂಡೇಲನೇ ಆಗಿರಬಹುದು.

ಸಾಧನಗಳು ಬಂದಿಲ್ಲವೆಂದಲ್ಲ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕರಾವಳಿ ಕಾವಲು ಪಡೆಗೆ ಅಪಾಯದ ಸುದ್ದಿ ಮುಟ್ಟಿಸುವ ಯಂತ್ರವನ್ನು ಇಸ್ರೊ ಹಿಂದೆಯೇ ರೂಪಿಸಿತ್ತು. ಅದರಲ್ಲೊಂದು ಕೊರತೆ ಇತ್ತು: ಒತ್ತಿದವನಿಗೆ ಸುದ್ದಿ ತಲುಪಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಹೊರತಂದ ಎರಡನೆಯ ತಲೆಮಾರಿನ ಯಂತ್ರದಲ್ಲಿ ಮರು ಉತ್ತರ ಬರುವ ಏರ್ಪಾಟಿದೆ. ಅದೇ ವರ್ಷ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ, ದೇಶದ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಚಾಲನೆ ದೊರೆಯಿತು. ಇವೆಲ್ಲ ಬೇಕಾದುವೇ. ನೆರವು ಬರುವವರೆಗಿನ ಗಂಟೆಗಳನ್ನು ಮಾತ್ರ ನೀರಿನಲ್ಲಿರುವವನೇ ಕಳೆಯಬೇಕು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕನ್ಯಾಕುಮಾರಿ, ತಿರುವನಂತಪುರದ ಮೀನುಗಾರರು ಅದಾಗಲೇ ಆಳಸಮುದ್ರದಲ್ಲಿದ್ದರು, ಎಚ್ಚರಿಕೆ ತಲುಪಲಿಲ್ಲ.

ಅದೇ ಕೇರಳದ ಮೀನುಗಾರರು 2018ರ ಆಗಸ್ಟಿನಲ್ಲಿ ಲಾರಿಗಳ ಮೇಲೆ ದೋಣಿ ಹೇರಿಕೊಂಡು ಒಳನಾಡಿಗೆ ಬಂದು, ಪ್ರವಾಹದಲ್ಲಿ ಸಿಕ್ಕ ಸಾವಿರಾರು ಮಂದಿಯನ್ನು ಮನೆಯ ಮಾಡುಗಳಿಂದ ಇಳಿಸಿಕೊಂಡರು. ನೀರು ಬಲ್ಲವರ ಬೆಲೆ ಒಳನಾಡಿಗೆ ಅಂದು ತಿಳಿಯಿತು.

ಒಳನಾಡೂ ಈಗ ಒಣ ನಾಡಾಗಿ ಉಳಿದಿಲ್ಲ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದ ಮೇಲೆ ಅದರ ಹಿನ್ನೀರು ಕೂಡಲಸಂಗಮದ ತನಕ ಬಂತು. ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತ ಗೋಡೆ ಕಟ್ಟಿ ಬಾವಿಯಂತೆ ಕಾಪಾಡಬೇಕಾಯಿತು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಬಹುಭಾಗವನ್ನೇ ನುಂಗಿತು. ಹೊಲ ಕಳೆದುಕೊಂಡವರ ನಾಡಿನಲ್ಲಿ ಹರಿಗೋಲು ಹತ್ತಿ ಬಲೆ ಬೀಸುವವರು ಹೆಚ್ಚಿದರು. ಬೆತ್ತ, ಚರ್ಮದ ಹರಿಗೋಲಿನ ಜಾಗಕ್ಕೆ ಫೈಬರ್ ಹರಿಗೋಲು ಬಂದಿದೆ. ಹೊಳೆಯಲ್ಲಿ ಅಂಬಿಗನಿಗೆ ಸೆಳವು ಗೊತ್ತಿತ್ತು. ಮೈಲುಗಟ್ಟಲೆ ಹರಡಿದ ಜಲಾಶಯದ ಮೇಲೆ ಆಷಾಢದ ಗಾಳಿ ಎಬ್ಬಿಸುವ ಅಲೆ ಅವನ ಅಜ್ಜ ಕಂಡದ್ದಲ್ಲ. 2009ರ ಮತ್ತು 2019ರ ಪ್ರವಾಹಗಳಲ್ಲಿ ಮಲಪ್ರಭೆ ಬಾದಾಮಿ, ಹುನಗುಂದ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಳು. ಪಟ್ಟದಕಲ್ಲು, ಐಹೊಳೆಗಳೂ ನೀರು ಕಂಡವು. ಕಡಲ ತೀರದಲ್ಲಿ ಕರಾವಳಿ ಕಾವಲು ಪೊಲೀಸರಾದರೂ ಇದ್ದಾರೆ, ಅಪಾಯಕ್ಕೆ ಕರೆ ಮಾಡಲು 1093, 1554 ಎಂಬ ಸಂಖ್ಯೆಗಳಿವೆ. ಹಿನ್ನೀರಿನ ಹರಿಗೋಲಿನವನಿಗೆ ಅವ್ಯಾವುವೂ ಇಲ್ಲ. ಅವನ ರಕ್ಷಣಾ ಸಾಮಗ್ರಿ ಹುಟ್ಟು ಮತ್ತು ಎದೆಗಾರಿಕೆ.

ಅಮೀನಗಡದ ಸುತ್ತಿನ ಬಾವಿಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಈಗಲೂ ಹುಡುಗರು ಈಸು ಕಲಿಯುತ್ತಾರೆ. ಹಿತ್ತಲಲ್ಲಿ ಸೋರೆಕಾಯಿಯನ್ನು ಬಲಿಯಲು ಬಿಡುವವರು ಕಡಿಮೆಯಾಗಿದ್ದಾರೆ. ಅದರ ಬದಲು ಅಡುಗೆ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿಗೆ ಮುಚ್ಚಳ ಬಿಗಿದು ಸೊಂಟಕ್ಕೆ ಕಟ್ಟುತ್ತಾರೆ. ಬೋಟು ಮುಳುಗಿದಾಗ ಕರಾವಳಿಯ ಕಲಾಸಿ ಮೊದಲು ಕೈಚಾಚುವುದೂ ನೀರಿನ ಖಾಲಿ ಕ್ಯಾನಿಗೇ. ಬಾವಿಯ ಹುಡುಗನಿಗೆ ಮಾತ್ರ ಅದನ್ನು ಗಟ್ಟಿಯಾಗಿ ಕಟ್ಟಿ, ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಲು ದಡದ ಮೇಲೆ ಒಬ್ಬ ಹಿರಿಯ ನಿಂತಿರುತ್ತಾನೆ.